ಕರುಳು ಊದುವವನು

ಇಳಕಲ್ಲಿನ ಹುಲ್ಲಪ್ಪನ ಮನೆಯಲ್ಲಿ ಭಾನುವಾರ ಬಂತೆಂದರೆ ಕುರಿಯ ಕರುಳು ತುಂಬುವ ಕೆಲಸ. ಖೀಮಾ, ಸಣ್ಣಗೆ ಕೊಚ್ಚಿದ ಕಲೇಜಿ, ಹುರಿದ ಜೋಳದ ನುಚ್ಚು, ಬೆಳ್ಳುಳ್ಳಿ, ಕೊತ್ತಂಬರಿ, ಅದರ ಮೇಲೆ ಮೂಗು ಸೋರಿಸುವಷ್ಟು ಮಸಾಲೆ ಖಾರ. ಇಷ್ಟನ್ನೂ ಕಲಸಿ ಕರುಳಿಗೆ ತುಂಬಿ, ಗೇಣಿಗೊಂದು ಗಂಟು ಹಾಕಿ, ನೀರಲ್ಲಿ ಕುದಿಸಿ, ಆಮೇಲೆ ಹಂಚಿನ ಮೇಲೆ ಎಣ್ಣೆ ಬಿಟ್ಟು ಕೆಂಪಗೆ ಹುರಿಯುವುದು. ಜೊತೆಗೆ ಹಣ್ಣು ಮೆಣಸಿನಕಾಯಿಗೆ ನಿಂಬೆ ಹಿಂಡಿ ರುಬ್ಬಿದ ರಂಜಕ. ತಿಂದವರು ಬೈಯುತ್ತಲೇ ಮತ್ತೊಂದು ಕೇಳುತ್ತಾರೆ.

ಖಾರ ಹಾಕುವುದನ್ನು ಯಾರು ಬೇಕಾದರೂ ಕಲಿತಾರು. ಕಷ್ಟವಿರುವುದು ಊದುವುದರಲ್ಲಿ. ತೊಳೆದ ಕರುಳಿನ ಒಂದು ತುದಿಗೆ ಗಂಟು ಹಾಕಿ, ಇನ್ನೊಂದು ತುದಿಗೆ ಔಡಲದ, ಅಂದರೆ ಹರಳೆಣ್ಣೆ ಗಿಡದ, ಎಲೆಯ ಟೊಳ್ಳು ತೊಟ್ಟು ಸಿಕ್ಕಿಸಿ ಉಸಿರು ಬಿಡಬೇಕು. ಉಬ್ಬಿ ನಿಂತ ಕರುಳನ್ನು ಕೆನ್ನೆಯ ಹತ್ತಿರ ಹಿಡಿದು ಉದ್ದಕ್ಕೂ ಸರಿಸುತ್ತ ಹೋದರೆ, ಸೂಜಿಮೊನೆಯಷ್ಟು ತೂತಿದ್ದರೂ ಕೆನ್ನೆಗೆ ಗಾಳಿ ತಾಕುತ್ತದೆ. ಹಾಗೆ ನೋಡದೆ ತುಂಬಿದರೆ ಕುದಿಯುವಾಗ ಒಡೆದು ಮಾಡಿದ್ದೆಲ್ಲ ನೀರುಪಾಲು. ನಿಧಾನಕ್ಕೆ ತಡೆ ತಡೆದು ಊದಿದರೆ ಆಗುವುದಿಲ್ಲ, ಬಿಟ್ಟ ಗಾಳಿ ಹಿಂದೆ ಬರುತ್ತದೆ. ಒಂದೇ ಉಸಿರಿಗೆ ತುಂಬಬೇಕು.

ಹುಲ್ಲಪ್ಪನಿಗೆ ಇದನ್ನು ಕಲಿಸಿದವನು ಅವನ ಅಜ್ಜ. ಹುನಗುಂದದ ಕಡೆಯ ಬೀರಪ್ಪ ದೇವರ ಒಕ್ಕಲು ಅವರದು. ಐಹೊಳೆಯ ಹೊಲಗಳಲ್ಲಿ ಕುರಿ ತರುಬಿ, ಗುಡಿಗಳ ನೆರಳಲ್ಲಿ ಬುತ್ತಿ ಬಿಚ್ಚಿ ಬೆಳೆದ ಹುಡುಗ. ಹದಿನೆಂಟು ತುಂಬುವ ಮೊದಲೇ ಅವನಷ್ಟು ಉದ್ದದ ಕರುಳನ್ನು ಊದುವವರು ಆ ಸೀಮೆಯಲ್ಲಿ ಇರಲಿಲ್ಲ. ಹೆಣ್ಣು ನೋಡಲು ಹೋದಲ್ಲೂ ಪುಣ್ಯಾತ್ಮ ಸುಮ್ಮನೆ ಕೂಡಲಿಲ್ಲ. ಬೀಗರು ಕುರಿ ಕೊಯ್ದಿದ್ದರು, ಇವನು ಹಿತ್ತಲಿಗೆ ಹೋಗಿ ಕರುಳು ಕೈಗೆತ್ತಿಕೊಂಡ. ಕಿಟಕಿಯಿಂದ ಇಣುಕಿದ ಲಗಮವ್ವ ಅಲ್ಲಿಯೇ ಒಪ್ಪಿದಳಂತೆ. ಇವತ್ತಿಗೂ ನೆರೆಯವರ ಮುಂದೆ ಹೇಳುತ್ತಾಳೆ: “ನಾ ಇವರ ಮಾರಿ ನೋಡಿ ಒಪ್ಪಿಲ್ರಿ, ಉಸಿರು ನೋಡಿ ಒಪ್ಪೇನಿ.” ಮೊದಲು ಇದನ್ನು ಹೇಳುವಾಗ ನಗುತ್ತಿದ್ದಳು.

ಕುರಿಗಳು ಅಣ್ಣತಮ್ಮಂದಿರಲ್ಲಿ ಹರಿದು ಹಂಚಿಹೋದ ಮೇಲೆ ಹುಲ್ಲಪ್ಪ ಇಳಕಲ್ಲಿಗೆ ಬಂದು ಕೆಂಪು ಗ್ರಾನೈಟಿನ ಕಾರ್ಖಾನೆ ಸೇರಿದ. ಕಲ್ಲಿನ ಹಲಗೆಗಳ ಅಂಚನ್ನು ಮಷೀನು ಹಿಡಿದು, ನೀರು ಬಿಡದೆ ಒಣಗಿದ್ದಂತೆಯೇ ತಿಕ್ಕಿ ಹೊಳಪು ಬರಿಸುವ ಕೆಲಸ. ಸಂಜೆ ಹೊರಗೆ ಬಂದರೆ ಹುಬ್ಬು ಮೀಸೆಯೆಲ್ಲ ಬೆಳ್ಳಗೆ, ಹಿಟ್ಟಿನ ಗಿರಣಿಯಿಂದ ಬಂದವನ ಹಾಗೆ. ಅವನು ತಿಕ್ಕಿದ ಕಲ್ಲು ಯಾವ ದೇಶದ ಯಾವ ಧಣಿಯ ಬಚ್ಚಲಲ್ಲಿ ಹೊಳೆಯುತ್ತಿದೆಯೋ ದೇವರೇ ಬಲ್ಲ. ಅವನ ಪಾಲಿಗೆ ಬಂದದ್ದು ಮೂಲೆ ಮುರಿದ ಒಂದು ಹಲಗೆ. ಅದನ್ನು ಹಿತ್ತಲಲ್ಲಿ ಹಾಸಿಕೊಂಡಿದ್ದಾರೆ. ಕರುಳು ತೊಳೆಯುವುದು ಅದರ ಮೇಲೆಯೇ.

ಎಂಟು ವರ್ಷದ ಹಿಂದೆ ಒಂದು ಭಾನುವಾರ ಕರುಳು ಅರ್ಧ ಉಬ್ಬಿ ನಿಂತುಬಿಟ್ಟಿತು. ಹುಲ್ಲಪ್ಪನ ಎದೆಯಲ್ಲಿ ಇನ್ನು ಗಾಳಿ ಇರಲಿಲ್ಲ. ಆ ಕ್ಷಣಕ್ಕೆ ಅವನಿಗೆ ಆದದ್ದು ಹೆದರಿಕೆಯಲ್ಲ, ನಾಚಿಕೆ. “ಕರಳಿಗೆ ತೂತೈತಿ, ಒಗಿ ಅತ್ತಾಗ,” ಎಂದು ಹೆಂಡತಿಗೆ ಹೇಳಿದ. ಲಗಮವ್ವ ನಾಯಿಗೆ ಹಾಕಿದಳು. ಮುಂದಿನ ವಾರವೂ ಅದೇ ಮಾತು. ಅದರ ಮುಂದಿನ ವಾರ ಕಸಾಯಿ ಜಾಫರಸಾಬನ ಅಂಗಡಿಗೆ ಹೋಗಿ, ನಿನ್ನ ಚಾಕು ಕರುಳಿಗೆ ತಾಕುತ್ತಿದೆ ಎಂದು ಜಗಳ ತೆಗೆದ. ಮೂವತ್ತು ವರ್ಷದಿಂದ ಕುರಿ ಕೊಯ್ಯುವ ಜಾಫರಸಾಬ ಚಾಕು ಕೆಳಗಿಟ್ಟ. ಹುಲ್ಲಪ್ಪ ಏದುಸಿರು ಬಿಡುವುದನ್ನೇ ನೋಡುತ್ತ ನಿಂತಿದ್ದು, ಕೊನೆಗೆ ಕುರ್ಚಿ ತಂದು ಹಾಕಿದ.

ಊರಿನ ದವಾಖಾನೆಯವರು ಕ್ಷಯ ಎಂದು ಗುಳಿಗೆ ನುಂಗಿಸಿದರು. ಕೇಳಿದ್ದಕ್ಕೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಬಾಗಲಕೋಟೆಯ ವೈದ್ಯನೊಬ್ಬ ಮಾತ್ರ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ಇದ್ದದ್ದನ್ನು ಇದ್ದಂತೆ ಹೇಳಿದ. ಒಳಗೆ ಕೂತಿರುವುದು ಕಲ್ಲಿನ ಧೂಳು. ಅದು ಹೊರಗೆ ಬರುವುದಿಲ್ಲ, ಕೆಲಸ ಬಿಟ್ಟರೂ ಕರಗುವುದಿಲ್ಲ. ಬಸ್ಸಿನಲ್ಲಿ ತಿರುಗಿ ಬರುವಾಗ ಅಮೀನಗಡದಲ್ಲಿ ಲಗಮವ್ವ ಕರದಂಟು ಕೊಂಡಳು. ಕೈಯಲ್ಲಿ ಏನಾದರೂ ಹಿಡಿದುಕೊಂಡು ಮನೆಗೆ ಹೋಗಬೇಕಿತ್ತು ಅವಳಿಗೆ.

ಹುಲ್ಲಪ್ಪ ಕಾರ್ಖಾನೆ ಬಿಟ್ಟ. ಅವನು ಬಿಟ್ಟ ಜಾಗಕ್ಕೆ ಅವನ ಒಬ್ಬನೇ ಮಗ ಬೀರೇಶ ಹೋಗಿ ನಿಂತ. ಅಪ್ಪ ಬೈದ, ಬೇಡಿಕೊಂಡ, ಎರಡು ದಿನ ಅನ್ನ ಬಿಟ್ಟ. ಈಗ ನೀರು ಬಿಟ್ಟು ಕಲ್ಲು ಕೊಯ್ಯುತ್ತಾರೆ, ಮೊದಲಿನ ಹಾಗಿಲ್ಲ ಎಂದ ಮಗ. ಕೊಯ್ಯುವಾಗ ನೀರು ಬಿಡುತ್ತಿದ್ದರು, ಖರೆ. ಅಂಚು ತಿಕ್ಕುವವರಿಗೆ ಯಾವ ನೀರು? ಸಂಜೆ ಮನೆಗೆ ಬರುವ ಮಗನ ಹುಬ್ಬು ಬೆಳ್ಳಗಿರುತ್ತಿತ್ತು. ಊರ ಅಗಸೆಬಾಗಿಲಿಂದ ಬೇರೆ ಯಾರ ಮಗ ಬಂದರೂ ಹುಲ್ಲಪ್ಪ ತಲೆಯೆತ್ತಿ ಮಾತಾಡಿಸುತ್ತಿದ್ದ. ಬೀರೇಶ ಬರುವಾಗ ಮಾತ್ರ ನೆಲ ನೋಡುತ್ತಿದ್ದ.

ಅಂದಿನಿಂದ ಅವನು ಒಂದು ವಿಷಯದಲ್ಲಿ ಹಟ ಹಿಡಿದ. ಕರುಳನ್ನು ಗೇಣುದ್ದದ ತುಂಡು ಮಾಡಿ ತಾನೇ ಊದಿದ, ಮಗನ ಕೈಗೆ ಔಡಲ ತೊಟ್ಟು ಕೊಡಲಿಲ್ಲ. ಲಗಮವ್ವ ಎಷ್ಟೋ ಸಲ ಹೇಳಿದ್ದಳು, ವಯಸ್ಸಿನ ಹುಡುಗ ಮನೆಯಲ್ಲಿರುವಾಗ ನೀವೇಕೆ ಒದ್ದಾಡುತ್ತೀರಿ ಎಂದು. ಅವನ ಕೈ ಎಣ್ಣೆ ವಾಸನೆ ಎಂದು ಒಮ್ಮೆ, ಅವನಿಗೆ ತಾಳ್ಮೆಯಿಲ್ಲ ಎಂದು ಇನ್ನೊಮ್ಮೆ, ಬಾಯಿಗೆ ಬಂದ ನೆಪ ಹೇಳಿ ಜಾರಿಕೊಳ್ಳುತ್ತಿದ್ದ. ನಿಜ ಬೇರೆಯೇ ಇತ್ತು. ದವಾಖಾನೆಯ ಫೋಟೋ ಹೇಳುವ ಮೊದಲೇ ಕರುಳು ಹೇಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಮಗ ಊದಿದರೆ ತಾನು ತಿಳಿದುಕೊಳ್ಳಬೇಕಾಗುತ್ತದೆ. ತಿಳಿದುಕೊಂಡು ಮಾಡುವುದಾದರೂ ಏನು?

ದಾರಿ ತೋರಿಸಿದವನು ಜಾಫರಸಾಬನ ಮಗ ತೌಸಿಫ. ಬಸ್‌ಸ್ಟ್ಯಾಂಡ್ ಹತ್ತಿರ ಅವನದೊಂದು ತಳ್ಳುಗಾಡಿ. ಹುಲ್ಲಪ್ಪನ ಮನೆಯಿಂದ ಹುರಿದ ಕರುಳು ಕೊಂಡು, ಪಾವ್ ಬ್ರೆಡ್ಡಿನಲ್ಲಿಟ್ಟು, ಮೇಲೆ ರಂಜಕ ಸುರಿದು, ಹಾಟ್‌ಡಾಗ್ ಎಂದು ಹಲಗೆ ಬರೆಸಿ ಮಾರುತ್ತಾನೆ. ಹಾಗೆಂದರೇನು ಎಂದು ಹುಲ್ಲಪ್ಪ ಕೇಳಿದಾಗ, ಬಿಸಿ ನಾಯಿ ಎಂದಿದ್ದ. “ನಮ್ಮ ಕುರಿ ನಿನಗೇನ್ ಪಾಪ ಮಾಡಿತ್ತಲೇ?” ಎಂದು ಹುಲ್ಲಪ್ಪ ನಕ್ಕ ನಗು ಕೆಮ್ಮಾಗಿ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮಾರನೆಯ ವಾರ ತೌಸಿಫ ಒಂದು ಸೈಕಲ್ ಪಂಪು ತಂದುಕೊಟ್ಟ. ಮೊದಲೆರಡು ಕರುಳು ಸಿಡಿದು ಚೂರಾದವು. ಆಮೇಲೆ ಕೈ ಕೂತಿತು. ಪಂಪಿಗೆ ಕೆಮ್ಮು ಬರುವುದಿಲ್ಲ, ಧೂಳಿನ ಕೆಲಸಕ್ಕೆ ಹೋಗುವ ಮಗನೂ ಇಲ್ಲ. ಹುಲ್ಲಪ್ಪ ಅದನ್ನು ದೇವರ ಜಗುಲಿಯ ಪಕ್ಕ, ಬೀರಪ್ಪನ ಅರಿಶಿನ ಭಂಡಾರದ ಬಟ್ಟಲಿನ ಹತ್ತಿರ ಇಡುತ್ತಿದ್ದ.

ಹೋದ ಭಾನುವಾರ ಆ ಪಂಪು ಕೈಕೊಟ್ಟಿತು. ಒತ್ತಿದರೆ ಬುಸ್ ಎನ್ನುತ್ತಿತ್ತೇ ಹೊರತು ಗಾಳಿ ಬರಲಿಲ್ಲ. ಬುಟ್ಟಿ ತುಂಬ ಕರುಳು ತೊಳೆದಿಟ್ಟಾಗಿತ್ತು. ಸೊಸೆ ಸವಿತಾ ರಂಜಕ ರುಬ್ಬಿ ಮುಗಿಸಿ, ಒಲೆಯ ಮೇಲೆ ನೀರಿಟ್ಟಿದ್ದಳು. ನಾಲ್ಕು ತಿಂಗಳ ಬಸುರಿ, ಮನೆಯಲ್ಲಿ ಹಾಡಿಕೊಂಡು ಓಡಾಡುವವಳು ಅವಳೊಬ್ಬಳೇ. ಸೈಕಲ್ ಅಂಗಡಿ ತೆರೆಯಲಿ, ಕಾಯೋಣ ಎಂದ ಹುಲ್ಲಪ್ಪ. ಅಷ್ಟರಲ್ಲಿ ಬೀರೇಶ ಮುಖ ತೊಳೆದುಕೊಂಡು ಹಿತ್ತಲಿಗೆ ಬಂದವನು ಬೇಲಿಯ ಔಡಲ ಗಿಡದಿಂದ ಒಂದು ಎಲೆ ಮುರಿದ.

“ಬ್ಯಾಡೋ. ಪಂಪ್ ರಿಪೇರಿ ಆಗ್ಲಿ,” ಎಂದ ಹುಲ್ಲಪ್ಪ.

“ಇಷ್ಟಕ್ಯಾಕ ಪಂಪು? ಕೊಡಪಾ ಇಲ್ಲೆ, ನಾ ಊದ್ತೇನಿ.”

ಕೊಡದಿರಲು ಹುಲ್ಲಪ್ಪನ ಬಳಿ ನೆಪ ಉಳಿದಿರಲಿಲ್ಲ. ಸವಿತಾ ಕೂಡ ಗಂಡನ ಪೌರುಷ ನೋಡಲು ಬಾಗಿಲಿಗೆ ಬಂದು ನಿಂತಿದ್ದಳು. ಬೀರೇಶ ಅವಳ ಕಡೆ ನೋಡಿ ಹುಬ್ಬು ಹಾರಿಸಿ, ತೊಟ್ಟು ಬಾಯಿಗಿಟ್ಟುಕೊಂಡ. ಕರುಳು ಸರಸರ ಉಬ್ಬಿತು. ಒಂದು ಗೇಣು, ಎರಡು ಗೇಣು. ಹುಲ್ಲಪ್ಪನೂ ಕೂತಲ್ಲೇ ಉಸಿರು ಬಿಗಿಹಿಡಿದಿದ್ದ, ತಾನೇ ಊದುವವನ ಹಾಗೆ. ಮೂರನೆಯ ಗೇಣಿಗೆ ಮಗನ ಕುತ್ತಿಗೆಯ ನರ ಎದ್ದವು. ಕರುಳು ಅಲ್ಲಿಗೇ ನಿಂತಿತು. ಬೀರೇಶ ಗೋಡೆಯ ಕಡೆ ಮುಖ ತಿರುಗಿಸಿ, ಒಣ ಕೆಮ್ಮು ಎರಡು ಕೆಮ್ಮಿ, ಬಾಯಿ ಒರೆಸಿಕೊಂಡ.

“ಕರಳಿಗೆ ತೂತೈತಿ ಅಪ್ಪಾ,” ಎಂದ.

ಲಗಮವ್ವ ಗಂಟು ಹಾಕಲು ನೇಕಾರರ ಮನೆಯಿಂದ ತಂದ ನೂಲಿನ ತುಂಡುಗಳನ್ನು ಬಿಡಿಸುತ್ತಿದ್ದಳು. ಅವಳ ಕೈ ನಿಂತಿತು. ತಲೆಯೆತ್ತಿ ಮಗನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು. ಎಂಟು ವರ್ಷದ ಹಿಂದಿನ ಆ ಮಾತನ್ನು ಇಬ್ಬರೂ ಮರೆತಿರಲಿಲ್ಲ.

ಹುಲ್ಲಪ್ಪ ಕೈ ಚಾಚಿ ಕರುಳು ತೆಗೆದುಕೊಂಡ. ಕೆನ್ನೆಯ ಹತ್ತಿರ ಹಿಡಿದರೆ ಮುಗಿಯಿತು, ತೂತಿದೆಯೋ ಇಲ್ಲವೋ ತಿಳಿಯುತ್ತದೆ. ಸಾವಿರ ಸಲ ಮಾಡಿದ ಕೆಲಸ, ಅವತ್ತು ಕೈ ಏಳಲಿಲ್ಲ. “ಇರಬೇಕು. ಜಾಫರಸಾಬನ ಚಾಕು ಮೊಂಡ ಆಗೇತಿ,” ಎಂದು ಹೇಳಿ, ಕರುಳನ್ನು ನಾಯಿಯ ಕಡೆಗೂ ಒಗೆಯದೆ, ತುಂಬುವ ಕಡೆಗೂ ಇಡದೆ ಹಿಡಿದುಕೊಂಡು ಕೂತ. ಲಗಮವ್ವ ಎದ್ದು ಬಂದು ಅವನ ಕೈಯಿಂದ ಅದನ್ನು ಬಿಡಿಸಿಕೊಂಡಳು. ಖಾರ ಕಲಸಿದ ಖೀಮಾ ತುಂಬಿ, ಗೇಣಿಗೊಂದು ಗಂಟು ಹಾಕಿ, ಕುದಿಯುವ ನೀರಿಗೆ ಬಿಟ್ಟಳು.

ಬೀರೇಶ ಬಿಸಿಲಿಗೆ ಬೆನ್ನು ಕೊಟ್ಟು ಹಲಗೆಗಲ್ಲಿನ ಮೇಲೆ ಕೂತಿದ್ದ. ಹುಲ್ಲಪ್ಪ, ಲಗಮವ್ವ ಇಬ್ಬರೂ ಒಲೆಯ ಮುಂದೆ ಪಾತ್ರೆ ನೋಡುತ್ತ ಕೂತರು. ಕರುಳು ಒಡೆಯದಿರಲಿ ಎಂದು ಜೀವಮಾನವಿಡೀ ಬೀರಪ್ಪನನ್ನು ನೆನೆದ ಮನುಷ್ಯ ಹುಲ್ಲಪ್ಪ. ಈಗ ಒಡೆಯಲಿ ಎಂದು ಬೇಡಿಕೊಂಡ. ಒಡೆದು ನೀರೆಲ್ಲ ರಾಡಿಯಾಗಲಿ, ಬುಟ್ಟಿಯಲ್ಲಿರುವುದೆಲ್ಲ ಹಾಳಾಗಿ ಹೋಗಲಿ, ಮಗ ಹೇಳಿದ್ದೊಂದು ಖರೆಯಾಗಲಿ. ನೀರು ಕುದಿಯಿತು. ಕರುಳು ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿತು. ಲಗಮವ್ವ ಉರಿ ಹೆಚ್ಚಿಸಿದಳು, ಸಾಲದೆಂದು ಇನ್ನೊಂದು ಕಟ್ಟಿಗೆ ತುರುಕಿದಳು.

ಸವಿತಾಳಿಗೆ ಇದೇನೂ ತಿಳಿಯದು. ಬೇಯಿತೋ ಏನೋ ಎಂದು ಬಂದವಳು ಸೌಟಿನಿಂದ ಕರುಳನ್ನು ಮೇಲೆತ್ತಿದಳು. ನೀರು ತಿಳಿಯಾಗಿಯೇ ಇತ್ತು.

“ಮಾವಾರ, ತೂತು ಎಲ್ಲೈತ್ರಿ ಇದಕ್ಕ?” ಎಂದಳು ಖುಷಿಯಿಂದ. “ಒಂದ್ ಕಡೀನೂ ಒಡದಿಲ್ಲ ನೋಡ್ರಿ.”