ಪೆಂಗ್ವಿನ್ ನೋಡಲು ಹೋದ ಅಕ್ಕನ ಗಂಟಲು

ನಮ್ಮಕ್ಕ ಮೈಸೂರಿನ ಆ ಕಡೆಯ ಒಂಟಿಕೊಪ್ಪಲಿನಿಂದ ಫೋನ್ ಮಾಡಿದಾಗಲೆಲ್ಲ ನನಗೊಂದು ಸಂಶಯ ಬರುತ್ತದೆ: ನಡುವೆ ಈ ಫೋನ್ ಯಾತಕ್ಕೆ? ಕಿಟಕಿ ತೆಗೆದಿಟ್ಟರೆ ಸಾಕು, ಅವಳ ಮಾತು ಸರಸ್ವತಿಪುರಂನ ನಮ್ಮ ಮನೆಯವರೆಗೆ ತಾನಾಗಿಯೇ ಬಂದು ಮುಟ್ಟೀತು. ನಾನು ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದು ಮಾತಾಡುವುದನ್ನು ನೋಡಿ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ, "ಅಕ್ಕಾವ್ರು ಚೆನ್ನಾಗಿದ್ದಾರಾ ಸಾರ್?" ಎಂದು ವಿಚಾರಿಸುತ್ತಾರೆ. ಸುಮ್ಮನೆ ಮರ್ಯಾದೆಗೆ ಕೇಳುವುದು. ಚೆನ್ನಾಗಿದ್ದಾಳೆಂಬುದು ಅವರಿಗೂ ಆಗಲೇ ಕೇಳಿಸಿರುತ್ತದೆ.

ಅಕ್ಕನ ಹೆಸರು ಜಯಮ್ಮ. ರೇಷ್ಮೆ ಸೀರೆ ನೇಯುವ ಕಾರ್ಖಾನೆಯೊಂದರಲ್ಲಿ ಬಹುಕಾಲ ದುಡಿದು ನಿವೃತ್ತಳಾದವಳು. ಸಾಲುಸಾಲು ಮಗ್ಗಗಳು ಒಟ್ಟಿಗೆ ಕಟಕಟಿಸುವ ಶೆಡ್ಡಿನಲ್ಲಿ ಅಷ್ಟು ವರ್ಷ ನಿಂತರೆ ಯಾರ ಕಿವಿಯಾದರೂ ಮಂದವಾಗುತ್ತದೆ. ಕಿವಿ ಮಂದವಾದವರಿಗೆ ತಮ್ಮ ದನಿ ತಮಗೇ ಸಾಲದು, ಇನ್ನಷ್ಟು ಏರಿಸುತ್ತಾರೆ. ಕಿವಿಗೆ ಹಾಕುವ ಮಷೀನು ತಂದುಕೊಟ್ಟೆವು. "ಅದನ್ನ ಹಾಕ್ಕೊಂಡ್ರೆ ತಟ್ಟೆ ಲೋಟದ ಸದ್ದೆಲ್ಲ ತಲೇಗೆ ಬಡಿಯುತ್ತೆ ಕಣೋ" ಎಂದು ಅದನ್ನು ಒಡವೆ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟಿದ್ದಾಳೆ.

ಇಂಥವಳ ತಮ್ಮನಾದ ನಾನು ಏನಾಗಿದ್ದೆ ಗೊತ್ತೇ? ಕಾಲೇಜಿನ ಲೈಬ್ರೇರಿಯನ್. ಇಡೀ ಸರ್ವೀಸು "ಶ್!" ಎಂದೇ ಸಂಬಳ ತೆಗೆದುಕೊಂಡವನು. ನನ್ನ ತಲೆಯ ಮೇಲೆ "ನಿಶ್ಶಬ್ದ" ಎಂಬ ಬೋರ್ಡು ತೂಗುತ್ತಿತ್ತು. ಅಕ್ಕ ಒಮ್ಮೆ ಅಲ್ಲಿಗೆ ಬಂದು, "ಏನೋ ಕಂಠೀ, ಯಾರಾದ್ರೂ ಹೋಗ್ಬುಟ್ರಾ, ಎಲ್ಲಾ ಹಿಂಗೆ ಕೂತವ್ರೆ?" ಎಂದು ಕೇಳಿದ ದಿನ, ಓದುತ್ತಿದ್ದವರೆಲ್ಲ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಕ್ಕಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಮ್ಮ ಮನೆಯ ಬಂಗಾರವೆಲ್ಲ ನನ್ನ ಪಾಲಿಗೆ, ಬೆಳ್ಳಿಯೆಲ್ಲ ಅಕ್ಕನ ಪಾಲಿಗೆ ಬಂದಿದೆ ಎಂದು ನಾನು ಜಂಬ ಪಡುತ್ತಿದ್ದೆ.

ಅಕ್ಕನಿಗೆ ಪೆಂಗ್ವಿನ್ ಎಂದರೆ ಪ್ರಾಣ. ಟಿವಿಯಲ್ಲಿ ನೋಡಿ ಹತ್ತಿದ ಹುಚ್ಚು. ಅದಕ್ಕೆ ಅವಳದೇ ಕಾರಣವಿದೆ: "ಬೇರೆ ಪ್ರಾಣಿ ಏನು ಮಾಡ್ತೈತೆ ಅನ್ನೋದನ್ನ ಟಿವಿ ಹಿಂದಿಂದ ಯಾವನೋ ಹೇಳ್ಬೇಕು. ಇದು ನಡೆದ್ರೆ ಸಾಕು, ಸೌಂಡ್ ಬ್ಯಾಡ, ಎಲ್ಲಾ ಅರ್ಥ ಆಗುತ್ತೆ." ಹೀಗಿರುವಾಗ ಮೈಸೂರಿನಿಂದ ಆಸ್ಟ್ರೇಲಿಯಾಕ್ಕೆ ಒಂದು ಪ್ರವಾಸದ ತಂಡ ಹೊರಡುತ್ತದೆಂದೂ, ಕೊನೆಯ ದಿನ ಕೋಆಲ ಮತ್ತು ಪೆಂಗ್ವಿನ್ ದರ್ಶನವೆಂದೂ ಅವಳಿಗೆ ಗೊತ್ತಾಯಿತು. ಬೆಳಿಗ್ಗೆಯೇ ಫೋನ್. "ಕಂಠೀ, ಪೆಂಗ್ವಿನ್ ನೋಡಕ್ಕೆ ಹೋಗೋಣ ಕಣೋ. ನಾಗರತ್ನನೂ ಬರ್ಲಿ. ಹೂಂ ಅಂದ್ಬುಡು!" ನಾನು ಹೂಂ ಎನ್ನುವ ಮೊದಲೇ ಪಕ್ಕದ ಮನೆಯವರು "ಹ್ಯಾಪಿ ಜರ್ನಿ ಸಾರ್" ಎಂದರು. ನನ್ನ ಹೆಂಡತಿ ನಾಗರತ್ನಳಿಗೆ ವಿಷಯ ತಿಳಿದದ್ದು ಅವರಿಂದ.

ಊರೂರು ಸುತ್ತಿದ ಕಥೆ ಬೇಡ. ನೇರವಾಗಿ ಆ ಕೊನೆಯ ದಿನಕ್ಕೆ ಬರುತ್ತೇನೆ. ಮೆಲ್ಬರ್ನ್‌ನಿಂದ ಬೆಳಿಗ್ಗೆ ಬಿಳಿಯ ಬಸ್ಸೊಂದು ನಮ್ಮ ತಂಡವನ್ನು ಹತ್ತಿಸಿಕೊಂಡು ಹೊರಟಿತು. ಜೆನ್ನಿ ಎಂಬ ಲವಲವಿಕೆಯ ಹೆಣ್ಣುಮಗಳು ಆ ದಿನದ ಗೈಡು. ಬಸ್ಸು ಓಡಿಸುವವಳೂ ಅವಳೇ, ಕಥೆ ಹೇಳುವವಳೂ ಅವಳೇ. ಮೈಸೂರಿನವರನ್ನು ಪ್ರಾಣಿ ತೋರಿಸಲು ಕರೆದೊಯ್ಯುವುದು ಎಂಥ ಕಷ್ಟದ ಕೆಲಸವೆಂದು ಪಾಪ, ಅವಳಿಗೆ ಗೊತ್ತಿರಲಿಲ್ಲ. ನಾವು ಅಂಬೆಗಾಲಿಡುವಾಗಲೇ ಜಿರಾಫೆ ನೋಡಿದ ಜನ. ನಮ್ಮೂರ ಮೃಗಾಲಯದ ಮುಂದೆ ನಮಗೆ ಜಗತ್ತಿನ ಕಾಡುಗಳೆಲ್ಲ ಸ್ವಲ್ಪ ಸಪ್ಪೆ. ನಮ್ಮ ಹಿಂದಿನ ಸೀಟಿನಲ್ಲಿದ್ದ ಲಕ್ಷ್ಮೀಪುರಂನ ಬಸವರಾಜಪ್ಪನವರಂತೂ ಹೊಲದಲ್ಲಿ ಕಾಂಗರೂ ಕಂಡಾಗ, "ಇರ್ಲಿ ಬಿಡಿ, ನಮ್ಮ ಝೂ ಮೇಂಟೆನೆನ್ಸೇ ಬೇರೆ" ಎಂದರು. ಬಯಲಿನಲ್ಲಿ ಕುಣಿಯುವ ಕಾಂಗರೂವಿಗೆ ಮೇಂಟೆನೆನ್ಸ್ ಎಲ್ಲಿಂದ ತರುವುದು ಎಂದು ನಾನು ಕೇಳಲಿಲ್ಲ.

ಕೋಆಲಗಳಿರುವ ತೋಪಿಗೆ ಬಂದೆವು. ಅಲ್ಲಿ ನಮ್ಮವರೆಲ್ಲ ಒಮ್ಮೆಲೇ ಮೆತ್ತಗಾದರು, ಏಕೆಂದರೆ ಕೋಆಲ ಪಕ್ಕಾ ಮೈಸೂರಿನ ಪ್ರಾಣಿ. ತಿನ್ನುವುದು ನೀಲಗಿರಿ ಜಾತಿಯ ಮರದ ಎಲೆ, ಅದೂ ಪರಿಚಯದ ಮರದ್ದೇ ಆಗಬೇಕು. ತಿಂದಾದ ಮೇಲೆ ಕವಲಿನಲ್ಲಿ ಬೆನ್ನು ಆನಿಸಿ ನಿದ್ದೆ. ಊಟದ ನಂತರ ಸರಸ್ವತಿಪುರಂನಲ್ಲಿ ಕೊರಿಯರ್‌ನವನು ಬಾಗಿಲು ಬಡಿದರೆ ಅವನಿಗೆ ಯಾವ ಮರ್ಯಾದೆ ಸಿಗುತ್ತದೋ ನಾನು ಬಲ್ಲೆ. ನಮ್ಮ ಮಧ್ಯಾಹ್ನದ ನಿದ್ದೆಯನ್ನು ಬೆಂಗಳೂರಿನವರು ಸೋಮಾರಿತನ ಎನ್ನುತ್ತಾರೆ. ಅದೇ ನಿದ್ದೆಯನ್ನು ಕೋಆಲ ಮಾಡಿದರೆ ಟಿಕೆಟ್ ಕೊಟ್ಟು ನೋಡುತ್ತಾರೆ! ನಾನು ಆ ಪ್ರಾಣಿಯನ್ನು ನಮ್ಮ ಕುಲದವನೆಂಬಂತೆ ಬಹಳ ಹೊತ್ತು ನೋಡುತ್ತ ನಿಂತೆ. ಆದರೆ ಎಷ್ಟು ನಿಂತರೂ ಕಾಣುತ್ತಿದ್ದದ್ದು ಬೂದು ಬಣ್ಣದ ಬೆನ್ನು ಮಾತ್ರ.

ಅಕ್ಕನಿಗೆ ತಾಳ್ಮೆ ಮುಗಿಯಿತು. "ಏನೋ ಇದು ಕಂಠೀ, ಅಷ್ಟು ದೂರದಿಂದ ಬಂದಿದೀವಿ, ಎದ್ದು ಮಕ ತೋರ್ಸಕ್ಕೆ ಏನಾಗೈತೆ ಇದಕ್ಕೆ?"

ಕೋಆಲ ಎದ್ದಿತು. ತಿರುಗಿ ಕೂತಿತು. ದೊಡ್ಡ ಕರಿ ಮೂಗಿನ ಮೇಲಿಂದ ಅಕ್ಕನನ್ನೇ ನೋಡಿತು. ಮಧ್ಯಾಹ್ನ ಬಾಗಿಲು ತೆರೆದು ಕೊರಿಯರ್‌ನವನನ್ನು ನಾನು ನೋಡುವ ನೋಟವೇ ಅದು. ಎಲ್ಲರೂ ಫೋಟೊ ತೆಗೆದದ್ದೇ ತೆಗೆದದ್ದು. ಬಸವರಾಜಪ್ಪನವರು, "ಅಮ್ಮಾವ್ರಿಂದ ದರ್ಶನ ಆಯ್ತು" ಎಂದು ಕೈ ಮುಗಿದರು. ಅಕ್ಕನ ಗಂಟಲಿಗೆ ಮೊದಲ ಬಾರಿಗೆ ಸಾರ್ವಜನಿಕ ಸನ್ಮಾನ ದೊರೆತ ಹಾಗಾಯಿತು. ಜೆನ್ನಿಯೊಬ್ಬಳೇ ನಗಲಿಲ್ಲ. ಅಕ್ಕನನ್ನು ಒಮ್ಮೆ, ಕೈಗಡಿಯಾರವನ್ನು ಒಮ್ಮೆ ನೋಡಿದಳು.

ಅದು ಯಾಕೆಂದು ಬಸ್ಸಿನಲ್ಲಿ ಗೊತ್ತಾಯಿತು. ಜೆನ್ನಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತ ಬಂದೆ. ಪೆಂಗ್ವಿನ್‌ಗಳು ದಿನವೆಲ್ಲ ಸಮುದ್ರದಲ್ಲಿ ಮೀನು ಹಿಡಿದು ಕತ್ತಲಾದ ಮೇಲೆ ಮಾತ್ರ ದಡಕ್ಕೆ ಬರುತ್ತವಂತೆ. ಮರಳಿನ ಆಚೆ, ದಿಬ್ಬದ ಬಿಲಗಳಲ್ಲಿ ಮರಿಗಳು ಹಸಿದು ಕಾಯುತ್ತಿರುತ್ತವೆ. ಹುಟ್ಟಾ ಪುಕ್ಕಲು ಜೀವ. ದಡದಲ್ಲಿ ಗದ್ದಲವಾದರೆ ಹೆದರಿ ನೀರಿಗೇ ವಾಪಸ್ಸು. "ಯಾರೂ ಏಳಬಾರದು, ಫೋನ್ ಆಫ್ ಮಾಡಿಡಬೇಕು, ದಯವಿಟ್ಟು ಯಾರೂ ಗಟ್ಟಿಯಾಗಿ ಮಾತಾಡಬಾರದು" ಎಂದಳು ಜೆನ್ನಿ. ಬಸ್ಸಿಗೆ ಬಸ್ಸೇ ನಮ್ಮ ಸೀಟಿನ ಕಡೆ ತಿರುಗಿತು. ಬಸವರಾಜಪ್ಪನವರು ನನ್ನ ಕಿವಿಯ ಹತ್ತಿರ ಬಗ್ಗಿ, "ತಪ್ಪು ತಿಳ್ಕೋಬೇಡಿ ಸಾರ್, ಅಮ್ಮಾವ್ರನ್ನ ಬಸ್ಸಲ್ಲೇ ಕೂರ್ಸಿದ್ರೆ ಒಳ್ಳೇದು. ಇಷ್ಟು ಜನ ಬಂದಿದೀವಿ" ಎಂದರು.

ಪಿಸುಮಾತೇ. ಆದರೆ ಒಂದು ವಿಷಯ ಅವರಿಗೆ ಗೊತ್ತಿರಲಿಲ್ಲ. ಮಗ್ಗದ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅಲ್ಲಿ ದುಡಿದವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಅಕ್ಕ ಕಿಟಕಿಯ ಕಡೆಯಿಂದ ಆಗತಾನೇ ತಿರುಗಿದ್ದಳು.

ಅವಳೇನೂ ಜಗಳವಾಡಲಿಲ್ಲ. ನನ್ನ ಕಡೆ ವಾಲಿ, ತನ್ನ ಜೀವಮಾನದಲ್ಲೇ ಮೊದಲ ಸಲ ಪಿಸುಗುಟ್ಟಲು ನೋಡಿದಳು: "ಕಂಠೀ, ನೀವೆಲ್ಲ ಹೋಗ್ಬನ್ನಿ. ನಾನು ಬಸ್ಸಲ್ಲೇ ಇರ್ತೀನಿ. ನನ್ನಿಂದ ಆ ಮರಿಗಳ್ಯಾಕೆ ಉಪ್ವಾಸ ಬೀಳ್ಬೇಕು?"

ಆ ಪಿಸುಮಾತು ಕೊನೆಯ ಸೀಟಿನವರೆಗೂ ಕೇಳಿಸಿತು. ಬಸವರಾಜಪ್ಪನವರು ಮಫ್ಲರ್ ಸರಿಮಾಡಿಕೊಂಡರು. ಈ ಪ್ರವಾಸ ಹೊರಟದ್ದೇ ಅವಳಿಂದ. ಸಮುದ್ರ ದಾಟಿ ಬಂದು, ಪೆಂಗ್ವಿನ್ ಇನ್ನು ಕೂಗಳತೆಯಲ್ಲಿದೆ ಎನ್ನುವಾಗ ಅವಳು ಬಸ್ಸಿನಲ್ಲಿ ಕತ್ತಲು ನೋಡುತ್ತ ಕೂರುವುದೇ? "ನೀನು ಬರದೇ ಹೋದ್ರೆ ನಾನೂ ಬರಲ್ಲ" ಎಂದೆ. "ನಿನಗೇನು ಬಂತು ರೋಗ, ಹೋಗು" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು.

ನಾಗರತ್ನ ನನ್ನ ಹಾಗಲ್ಲ, ಕಷ್ಟ ಬಂದಾಗ ಬುದ್ಧಿ ಉಪಯೋಗಿಸುತ್ತಾಳೆ. ಅಕ್ಕನ ಮುಂದೆ ಬಂದು ಕೂತು, "ಅತ್ತಿಗೆ, ಶೆಡ್ಡಲ್ಲಿ ನೀವು ಹೆಂಗೆ ಮಾತಾಡ್ತಿದ್ರಿ? ಕೂಗಿ ಮಾತಾಡ್ತಿದ್ರಾ?" ಎಂದು ಕೇಳಿದಳು.

"ಕೂಗಿದ್ರೆ ಅಲ್ಲಿ ಯಾರಿಗಮ್ಮಾ ಕೇಳುತ್ತೆ? ಎಲ್ಲಾ ಕೈಸನ್ನೇನೇ" ಎಂದಳು ಅಕ್ಕ. ತೋರಿಸಿಯೂ ತೋರಿಸಿದಳು. ಎರಡು ಬೆರಳು ಕತ್ತರಿಸಿದರೆ ನೂಲು ಕಡಿಯಿತು. ಇಲ್ಲದ ಮೀಸೆ ತಿರುವಿದರೆ ಮೇಸ್ತ್ರಿ ಬಂದ. ಎರಡೂ ಕೈ ಒದರಿ ಸೆರಗಿಗೆ ಒರೆಸಿಕೊಂಡರೆ ಶಿಫ್ಟ್ ಮುಗಿಯಿತು, ಮನೆಗೆ ನಡೆಯಿರಿ. ತೋರಿಸುತ್ತ ತೋರಿಸುತ್ತ ಅವಳ ಮುಖ ಅರಳಿತು. ಬಸ್ಸಿನಿಂದ ಇಳಿಯುವ ಹೊತ್ತಿಗೆ ತುಟಿಗೆ ಬೀಗ ಹಾಕಿದಂತೆ ಬೆರಳು ತಿರುಗಿಸಿ, ಬೀಗದ ಕೈಯನ್ನು ನಾಗರತ್ನಳ ಬ್ಯಾಗಿಗೆ ಹಾಕಿದಂತೆ ನಟಿಸಿದಳು.

ಸಮುದ್ರದ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಕೂರುವ ವ್ಯವಸ್ಥೆ. ಗಾಳಿಯೋ ಗಾಳಿ, ಹಲ್ಲು ಕಟಕಟ. ಆದರೆ ಮೆರವಣಿಗೆಗೆ ಕಾಯುವುದನ್ನು ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದಸರಾ ಆನೆಗಾಗಿ ಬೆಳಿಗ್ಗೆಯಿಂದ ಫುಟ್‌ಪಾತಿನಲ್ಲಿ ಬೇರು ಬಿಟ್ಟ ಜನ ನಾವು. ಶಾಲು ಹೊದ್ದು ಕೂತೆವು. ಕತ್ತಲಾಯಿತು. ನೊರೆಯ ಅಂಚಿನಲ್ಲಿ ಏನೋ ಬೆಳ್ಳಗೆ ಹೊಳೆಯಿತು. ಒಂದು, ಆಮೇಲೆ ನಾಲ್ಕಾರು. ಮೊಳದುದ್ದವೂ ಇಲ್ಲದ ಪುಟ್ಟ ಪೆಂಗ್ವಿನ್‌ಗಳು ಒಂದಕ್ಕೊಂದು ಅಂಟಿಕೊಂಡು ನಿಂತು, ಹೋಗೋಣವೋ ಬೇಡವೋ ಎಂದು ಯೋಚಿಸುತ್ತಿದ್ದವು.

"ಬಂತು! ಬಂತು! ಅಕೋ ನೋಡು, ಬಂತು!"

ಹೀಗೆ ಕೂಗಿದವರು ಯಾರೆಂದು ತಿರುಗಿ ನೋಡುವಷ್ಟರಲ್ಲಿ ಅಕ್ಕನ ಅಂಗೈ ನನ್ನ ಬಾಯಿ ಮುಚ್ಚಿತ್ತು. ಕೂಗಿದವನು ನಾನೇ. ಇಡೀ ಸರ್ವೀಸು "ಶ್" ಎಂದವನು! ಪೆಂಗ್ವಿನ್‌ಗಳೆಲ್ಲ ಗಕ್ಕನೆ ತಿರುಗಿ ನೀರಿಗೆ ಓಡಿಬಿಟ್ಟವು. ಜೆನ್ನಿ ನನ್ನನ್ನು ನೋಡಿದ ನೋಟವಿದೆಯಲ್ಲ, ಹಿಂದೆ ನಾನು ಎಷ್ಟೋ ಹುಡುಗರನ್ನು ನೋಡಿದ್ದ ನೋಟವೇ. ಅಕ್ಕ ಕೈ ತೆಗೆಯಲಿಲ್ಲ. ಮುಂದಿನದನ್ನೆಲ್ಲ ನಾನು ಅವಳ ಬೆರಳುಗಳ ಮೇಲಿಂದಲೇ ನೋಡಿದೆ.

ಪುಣ್ಯಕ್ಕೆ ಅವು ಮತ್ತೆ ಬಂದವು. ಈ ಸಲ ದೊಡ್ಡ ಗುಂಪು. ಮುಂದಿನದು ಧೈರ್ಯ ಮಾಡಿತು, ಉಳಿದವು ಹಿಂಬಾಲಿಸಿದವು. ಹೊಟ್ಟೆ ತುಂಬಿ, ಮೈ ದಣಿದು, ಆ ಕಡೆ ಈ ಕಡೆ ವಾಲುತ್ತ ಮರಳು ದಾಟತೊಡಗಿದವು. ಒಂದು ಮುಗ್ಗರಿಸಿತು, ಜೊತೆಯದು ನಿಂತು ಕಾದಿತು. ಅಕ್ಕ ಕೊನೆಗೂ ನನ್ನ ಬಾಯಿ ಬಿಟ್ಟು, ಎರಡೂ ಕೈ ಒದರಿ ಸೆರಗಿಗೆ ಒರೆಸಿಕೊಂಡಳು: ಶಿಫ್ಟ್ ಮುಗಿಯಿತು. ಸಂಜೆ ಕಾರ್ಖಾನೆಯ ಗೇಟಿನಿಂದ ಹೀಗೇ ಗುಂಪಾಗಿ, ಕಾಲು ಬಾತು, ವಾಲಿಕೊಂಡು ಹೊರಬರುತ್ತಿದ್ದ ಹೆಂಗಸರಲ್ಲಿ ಅವಳನ್ನು ನಾನು ನೋಡಿದ್ದೆ. ಅವಳ ಗಲ್ಲದ ಮೇಲೆ ನೀರು ಹರಿಯುತ್ತಿತ್ತು. ಅದಕ್ಕಿಂತ ದೊಡ್ಡ ನಗು ತುಟಿಯ ಮೇಲಿತ್ತು. ನನಗೂ ತಡೆಯಲಾಗದಷ್ಟು ಖುಷಿಯಾಯಿತು.

ವಾಪಸ್ಸು ಬರುವಾಗ ಮರದ ಹಲಗೆಯ ದಾರಿ. ಅದರ ಎರಡೂ ಬದಿಗೆ ಬಿಲಗಳು. ಮನೆ ಮುಟ್ಟಿದ ಪೆಂಗ್ವಿನ್‌ಗಳು ಅಲ್ಲಿ ಮಾಡುತ್ತಿದ್ದ ಗಲಾಟೆಯೋ! ನಮಗೆ ನಿಶ್ಶಬ್ದ ಬೋಧಿಸಿದ ಜೀವಗಳು ಇವೇನಾ? ಮದುವೆಮನೆಯ ಛತ್ರದಲ್ಲೂ ಅಷ್ಟು ಗದ್ದಲವಿರುವುದಿಲ್ಲ. ಕತ್ತಲಲ್ಲಿ ಗಂಡ ಹೆಂಡತಿಯನ್ನು, ತಾಯಿ ಮರಿಯನ್ನು ಗುರುತಿಸುವುದು ದನಿಯಿಂದಲೇ, ಅದಕ್ಕೇ ಇಷ್ಟು ಕೂಗಾಟ ಎಂದಳು ಜೆನ್ನಿ. ಅಕ್ಕ ನಿಂತಳು. ತನ್ನ ಕಿವಿ ಮುಟ್ಟಿ ತೋರಿಸಿ, ಕಣ್ಣರಳಿಸಿ ತಲೆಯಾಡಿಸಿದಳು. ಅವಳಿಗೂ ಕೇಳಿಸುತ್ತಿತ್ತು.

ಬಸ್ಸಿಗೆ ಬಂದು ನೋಡಿದರೆ ಬಸವರಾಜಪ್ಪನವರೂ ಅವರ ಮನೆಯವರೂ ಇಲ್ಲ. ಅವರ ಫೋನು ಇನ್ನೂ ಆಫ್. "ನಾನು ನೋಡ್ಕೊಂಡು ಬರ್ತೀನಿ" ಎಂದು ಇಳಿದೆ. ಕೂಗಿ ಮಾಡಿದ ತಪ್ಪಿಗೆ ಏನಾದರೊಂದು ಶೌರ್ಯ ತೋರಿಸಬೇಕಿತ್ತಲ್ಲ. ದಡದಿಂದ ದೂರದ, ಬಸ್ಸು ನಿಲ್ಲಿಸುವ ಆ ವಿಶಾಲ ಕತ್ತಲ ಬಯಲಿನಲ್ಲಿ ಎತ್ತ ನೋಡಿದರೂ ಬಿಳಿಯ ಬಸ್ಸುಗಳೇ. ಸ್ವಲ್ಪ ದೂರ ಹೋದ ಮೇಲೆ ಅವರೂ ಸಿಗಲಿಲ್ಲ, ಹಿಂತಿರುಗಿದರೆ ನಮ್ಮ ಬಸ್ಸೂ ಸಿಗಲಿಲ್ಲ. ನನ್ನ ಫೋನು ನಾಗರತ್ನಳ ಬ್ಯಾಗಿನಲ್ಲಿತ್ತು. ಒಂದು ಬಸ್ಸು ಹತ್ತಿದೆ, ಒಳಗೆಲ್ಲ ಚೀನಾದವರು. ಇನ್ನೊಂದರ ಬಾಗಿಲು ತಟ್ಟಿದೆ, ಡ್ರೈವರ್ ತಲೆಯಾಡಿಸಿದ. ಪರದೇಶದಲ್ಲಿ ಕಳೆದುಹೋಗುವ ವಯಸ್ಸಾ ಇದು ಎಂದು ನನಗೇ ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಭಯವೂ ಆಯಿತು, ಸುಳ್ಳು ಯಾಕೆ.

ಅತ್ತ ಬಸ್ಸಿನಲ್ಲಿ ಏನಾಯಿತೆಂದು ಆಮೇಲೆ ನಾಗರತ್ನ ಹೇಳಿದಳು. ಜೆನ್ನಿ ಬಾಗಿಲಲ್ಲಿ ನಿಂತು ಟಾರ್ಚು ಆಡಿಸಿದಳಂತೆ, ಹಾರ್ನ್ ಮಾಡಿದಳಂತೆ. ಬೇರೆ ಬಸ್ಸುಗಳೂ ಹಾರ್ನ್ ಮಾಡುತ್ತಿದ್ದವು, ಯಾವುದೂ ಪ್ರಯೋಜನಕ್ಕೆ ಬರಲಿಲ್ಲ. ಕೊನೆಗೆ ಅಕ್ಕನ ಮುಂದೆ ಬಂದು, ಸಂಕೋಚದಿಂದ, ಎರಡೂ ಕೈ ಬಾಯಿಯ ಸುತ್ತ ಹಿಡಿದು ಕೂಗುವಂತೆ ಸನ್ನೆ ಮಾಡಿದಳಂತೆ. ಅಕ್ಕ ತನ್ನ ಎದೆ ಮುಟ್ಟಿಕೊಂಡಳು: ನಾನಾ? ಆಮೇಲೆ ಅಂಗೈಯನ್ನು ಸೊಂಟದ ಮಟ್ಟಕ್ಕೆ, ಭುಜದ ಮಟ್ಟಕ್ಕೆ ಎತ್ತಿದಳು: ಎಷ್ಟು ಜೋರಾಗಿ? ಜೆನ್ನಿ ಅಕ್ಕನ ಕೈ ಹಿಡಿದು ಆಕಾಶಕ್ಕೆ ಎತ್ತಿದಳಂತೆ.

ನನಗೆ ಗೊತ್ತಾದದ್ದು ಇಷ್ಟು: ಆ ಗಾಳಿಯನ್ನೂ ಹಾರ್ನುಗಳನ್ನೂ ಸೀಳಿಕೊಂಡು ಒಂದು ಕೂಗು ಬಂತು. "ಬಸವರಾಜಪ್ಪನೋರೇ... ಇಲ್ಲಿ ಕಣ್ರೀ, ಇಲ್ಲಿ!" ದೂರದಲ್ಲಿ ಒಂದು ತಪ್ಪು ಬಸ್ಸಿನಿಂದ, ದಪ್ಪ ಜಾಕೆಟ್ ತೊಟ್ಟ ಇಬ್ಬರು ಇಳಿದು, ಆ ಕಡೆ ಈ ಕಡೆ ವಾಲುತ್ತ ಸದ್ದಿನ ದಿಕ್ಕಿಗೆ ನಡೆಯತೊಡಗಿದರು. ಒಂದು ಉಸಿರು ಬಿಟ್ಟು ಮತ್ತೆ ಬಂತು: "ಕಂಠೀ... ಎಲ್ಲೋಗಿದ್ದೀಯೋ? ಕತ್ಲಾಯ್ತು, ಬಾರೋ ಮನೇಗೆ!"

ಒಂಟಿಕೊಪ್ಪಲಿನಲ್ಲಿ ಗೋಲಿ ಆಡುತ್ತಿದ್ದ ಕಾಲದಲ್ಲಿ ಈ ಕೂಗು ಮೂರು ಬೀದಿ ದಾಟಿ ಬರುತ್ತಿತ್ತು. ಜೊತೆಯ ಹುಡುಗರ ಮುಂದೆ ಅವಮಾನವೆಂದು ನಾನು ಕೇಳಿಸದವನಂತೆ ಕೂರುತ್ತಿದ್ದೆ. ಅವತ್ತು ಮಾತ್ರ ಕತ್ತಲಲ್ಲಿ ಓಡಿದೆ. "ಬಂದೇ ಕಣಕ್ಕಾ, ಬಂದೇ!" ಎಂದು, ಅವಳಿಗೂ ಕೇಳಿಸಬೇಕಲ್ಲ, ಗಂಟಲು ಹರಿಯುವ ಹಾಗೆ ಕೂಗುತ್ತಲೇ ಓಡಿದೆ.