ಸಾಲು ಮುರಿಯದ ಹೊನ್ನಯ್ಯ

ಮಂಡ್ಯದ ಗುತ್ತಲಿನಲ್ಲಿ ಹೊನ್ನಯ್ಯನ ಮನೆ ಎಲ್ಲಿ ಎಂದರೆ ಯಾವ ಹೊನ್ನಯ್ಯ ಎಂದು ಕೇಳುತ್ತಿದ್ದರು. ಸಾಲಿನ ಹೊನ್ನಯ್ಯ ಎಂದರೆ ಮಕ್ಕಳೂ ಕೈ ತೋರಿಸುತ್ತಿದ್ದವು. ಅವನು ಸಾಲ ಮಾಡಿದವನಲ್ಲ, ಸಾಲು ಮಾಡಿಸಿದವನು. ಹುಟ್ಟೂರು ಹೊಳಲಿನಲ್ಲಿ ಒಂದೂವರೆ ಎಕರೆ ಕಬ್ಬು; ಹೊಟ್ಟೆಪಾಡಿಗೆ ಮಂಡ್ಯದ ಒಂದು ಕಚೇರಿಯಲ್ಲಿ ಅಟೆಂಡರ್ ಕೆಲಸ.

ಎಪ್ಪತ್ಮೂರು, ಎಪ್ಪತ್ನಾಲ್ಕರಲ್ಲಿ ಸೀಮೆಎಣ್ಣೆ ಕಾಣದಾಯಿತು. ಅಂಗಡಿ ಮುಂದೆ ಜನ ಡಬ್ಬಗಳಲ್ಲೇ ಬಡಿದಾಡುತ್ತಿದ್ದರು. ಆ ಸೀಮೆಎಣ್ಣೆಗೊಂದು ಸೀಮೆ ಹಾಕಿದವನು ಹೊನ್ನಯ್ಯ. ಡಬ್ಬ ಇಟ್ಟರೆ ಆಳು ನಿಂತ ಹಾಗೆ. ಇಟ್ಟು ಹೋಗಿ, ಮುದ್ದೆ ಉಂಡು, ಕೈ ತೊಳೆದು ಬಂದರೂ ಜಾಗ ಅವರದೇ. ಡಬ್ಬ ಇಲ್ಲದವರು ಕಲ್ಲಿಡಬಹುದು. ದೇವರ ಕಲ್ಲನ್ನು ಕದಿಯುವವರು ಊರಲ್ಲಿದ್ದರು, ಆ ಸಾಲಿನ ಕಲ್ಲನ್ನು ಸರಿಸುವವರು ಇರಲಿಲ್ಲ.

ಒಂದು ದಿನ ಪಟ್ಟಲಮ್ಮ ಎಂಬಾಕೆ, ಮಗುವಿಗೆ ಜ್ವರ, ಗಂಜಿ ಕಾಯಿಸಬೇಕು, ಮುಂದಕ್ಕೆ ಬಿಡಿ ಎಂದು ಕೈಮುಗಿದಳು.

“ಎಲ್ರ ಮನೇಲೂ ಒಂದೊಂದು ಕತೆ ಅದೆ ಕಣಮ್ಮ. ಕತೆ ಕೇಳ್ಕಂಡು ಎಣ್ಣೆ ಉಯ್ಯಂಗಿದ್ರೆ ಸಾಲ್ಯಾಕೆ?” ಎಂದು ಹೊನ್ನಯ್ಯ ಆಕೆಯನ್ನು ಸಾಲಿನ ಕೊನೆಗೆ ಕಳಿಸಿದ. ಮಗು ಉಳಿಯಿತು. ಹಾಗಾಗಿ ಹೊನ್ನಯ್ಯನ ನ್ಯಾಯವೂ ಉಳಿಯಿತು.

ಎಪ್ಪತ್ತೈದರ ಜನವರಿ, ಸಂಕ್ರಾಂತಿ ಕಳೆದ ಮರುವಾರ, ಬೊಂಬಾಯಿಂದ ತಂತಿ ಬಂತು. ಅವನ ತಮ್ಮ ಮಾದಯ್ಯ ಅಲ್ಲಿ ಬಟ್ಟೆ ಗಿರಣಿಯಲ್ಲಿದ್ದ. ಕರುಳು ತೂತಾಗಿ ಆಸ್ಪತ್ರೆ ಸೇರಿದ್ದಾನೆ, ಅಣ್ಣನನ್ನೇ ಕೇಳುತ್ತಿದ್ದಾನೆ, ಕೂಡಲೇ ಹೊರಡಿ ಎಂದಿತ್ತು. ಕಳಿಸಿದವನು ಅದೇ ಗಿರಣಿಯಲ್ಲಿದ್ದ ಬೆಳಕವಾಡಿಯ ಕೆಂಪಸಿದ್ದಯ್ಯ. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ಮೇಲೂ ಆಗುತ್ತದೆ. ವಿಮಾನವಾದರೆ ಬೆಳಿಗ್ಗೆ ಏಳಕ್ಕೆ ಹತ್ತಿ ಒಂಬತ್ತಕ್ಕೆಲ್ಲ ಇಳಿಯಬಹುದು ಎಂದು ಕಚೇರಿಯ ಸಾಹೇಬರು ಹೇಳಿದರು. ಆ ವರ್ಷದ ಕಬ್ಬು ಟಿಕೆಟ್ಟಾಯಿತು.

“ಮಾಗಿ ಮಂಜಲ್ಲಿ ಎತ್ತಿಗೇ ದಾರಿ ಕಾಣಾಕಿಲ್ಲ. ಅದ್ಕೇನು ಕಂಡಾತು?” ಎಂದಳು ಹೆಂಡತಿ ಚಿಕ್ಕಬೋರಮ್ಮ.

“ಅದ್ಕೆ ದೊಡ್ಡ ಲೈಟ್ ಇರ್ತದೆ ಬುಡು,” ಎಂದು ಹೊನ್ನಯ್ಯ ಬಸ್ಸು ಹತ್ತಿದ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬೆಳಗಾದರೂ ಕಿಟಕಿಯಾಚೆಯ ದೀಪದ ಕಂಬ ಕಾಣುತ್ತಿರಲಿಲ್ಲ. ಏಳು ಎಂಟಾಯಿತು, ಎಂಟು ಒಂಬತ್ತಾಯಿತು. ಮಂಜು ಕವಿದ ಕಡೆ ಏನೂ ಮಂಜೂರಾಗುವುದಿಲ್ಲ. ಮದರಾಸಿನಿಂದ ಬರಬೇಕಿದ್ದ ವಿಮಾನ ಇಳಿಯಲಾರದೆ ಹಿಂದಿರುಗಿದೆ, ಏಳು ಗಂಟೆಯ ಪ್ರಯಾಣ ರದ್ದು ಎಂದು ಧ್ವನಿವರ್ಧಕ ಇಂಗ್ಲಿಷಿನಲ್ಲಿ ಹೇಳಿತು. ಅದನ್ನು ಕನ್ನಡಕ್ಕೆ ತಂದು ಹೇಳಿದವರು ಪಕ್ಕದ ಕುರ್ಚಿಯ ಯೋಗಾನರಸಿಂಹಯ್ಯನವರು. ಮಂಡ್ಯದಲ್ಲೇ ಶಿರಸ್ತೇದಾರರಾಗಿ ನಿವೃತ್ತರಾದವರು, ಮಗಳನ್ನು ನೋಡಲು ಹೈದರಾಬಾದಿಗೆ ಹೊರಟಿದ್ದವರು, ಯಾವ ಕಾಗದ ಕೊಟ್ಟರೂ ಮೊದಲು ಅದರ ಬೆನ್ನು ಓದುವವರು. ಹೊನ್ನಯ್ಯನ ಟಿಕೆಟ್ಟನ್ನು ತಿರುಗಿಸಿ, ಕನ್ನಡಕ ಏರಿಸಿ, ತೀರ್ಪು ಕೊಟ್ಟರು.

“ಹವೆ ಕೆಟ್ಟು ತಡವಾದರೆ ನಷ್ಟಕ್ಕೆ ಇವರು ಹೊಣೆಯಲ್ಲ ಕಣ್ರೀ. ಆದರೆ ಜಾಗ ಇರೋ ಮುಂದಿನ ವಿಮಾನಕ್ಕೆ ಹತ್ತಿಸಬೇಕು. ಬೇಡ ಅಂದರೆ ಪೂರ್ತಿ ಹಣ ವಾಪಸ್ಸು. ಕೇಳಿ ತಗೋಬೇಕು. ಕೇಳದವರಿಗೆ ಹಕ್ಕು ಅನ್ನೋದು ಬರೀ ಅಚ್ಚು.”

ಹತ್ತೂವರೆಯ ವಿಮಾನದಲ್ಲಿ ಒಂಬತ್ತು ಜಾಗವಿದೆ, ಉಳಿದವರು ಮೂರು ಗಂಟೆಯದರಲ್ಲಿ ಹೋಗಬಹುದು, ಎಲ್ಲರೂ ಸಾಲಿನಲ್ಲಿ ನಿಲ್ಲಿ ಎಂದು ಕೌಂಟರಿನವನು ಕೂಗಿದ. ಬೆಳಗಿನಿಂದ ಹೊನ್ನಯ್ಯನಿಗೆ ಪೂರ್ತಿ ಅರ್ಥವಾದ ಮಾತು ಅದೊಂದೇ. ಹೋಗಿ ಆರನೆಯವನಾಗಿ ನಿಂತ.

ಕೌಂಟರಿನವನು ಪಟ್ಟಿ ತರಲು ಒಳಗೆ ಹೋದ. ತಾನು ಬರುತ್ತಿರುವುದು ತಮ್ಮನಿಗೆ ಗೊತ್ತಾಗಬೇಕಲ್ಲ ಎನ್ನಿಸಿತು ಹೊನ್ನಯ್ಯನಿಗೆ. ಕೈಚೀಲವನ್ನು ತನ್ನ ಜಾಗದಲ್ಲಿ ಇಟ್ಟ. ಚೀಲ ಇಟ್ಟರೆ ಆಳು ನಿಂತ ಹಾಗೆ. ತಂತಿ ಕೌಂಟರಿಗೆ ಹೋಗಿ, “ಮಂಜು, ತಡ, ಬರುತ್ತಿದ್ದೇನೆ” ಎಂದು ಬರೆಸಿ ಬಂದ.

ಚೀಲ ಗೋಡೆ ಪಕ್ಕದಲ್ಲಿತ್ತು. ಯಾರೋ ಕೆಲಸದವನು, ವಾರಸುದಾರರಿಲ್ಲದ ಸಾಮಾನೆಂದು ಮರ್ಯಾದೆಯಿಂದಲೇ ಎತ್ತಿಟ್ಟಿದ್ದ. ಸಾಲು ಕೂಡಿಕೊಂಡು ಉದ್ದವಾಗಿತ್ತು. ಹೊನ್ನಯ್ಯ ಅದರ ಕೊನೆಗೆ ಹೋಗಿ ನಿಂತ. ಎಣಿಸಿದ. ಇಪ್ಪತ್ತಮೂರು.

ಮಾದಯ್ಯನ ಸುದ್ದಿ ಆಗಲೇ ಕೇಳಿದ್ದ ಯೋಗಾನರಸಿಂಹಯ್ಯನವರು ಎದ್ದು ಬಂದು, ಜೇಬಿನಲ್ಲಿರುವ ಬೊಂಬಾಯಿ ತಂತಿಯನ್ನು ಮುಂದಿನವರಿಗೆ ತೋರಿಸಿರಿ, ಪ್ರಾಣದ ವಿಷಯಕ್ಕೆ ಯಾರೂ ಇಲ್ಲವೆನ್ನುವುದಿಲ್ಲ ಎಂದರು. ಹೊನ್ನಯ್ಯ ಜೇಬಿಗೆ ಕೈ ಹಾಕಿದ. ಮುಂದೆ ಒಬ್ಬಾಕೆ ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಒಬ್ಬ ಮುದುಕ ಗೋಡೆ ಹಿಡಿದು ನಿಂತಿದ್ದ. ಕೈ ಜೇಬಿನಲ್ಲೇ ಉಳಿಯಿತು.

“ಅವ್ರಿಗೂ ಏನೇನಿದ್ದಾತೋ ಸ್ವಾಮಿ.”

“ನೀವು ಹೇಳದಿದ್ದರೆ ನಾನು ಹೇಳ್ತೀನಿ, ಕೊಡಿ ಇಲ್ಲಿ.”

“ಬ್ಯಾಡಿ. ಇಂಗೆ ಕೇಳ್ಕಂಡು ಬಂದವರ್ನ ನಾನೇ ಇಂದಕ್ ಕಳಿಸಿವ್ನಿ. ಈಗ ಯಾವ ಬಾಯಲ್ಲಿ ಕೇಳ್ಲಿ?”

ಒಂಬತ್ತನೆಯ ಜಾಗ ಕ್ರಿಕೆಟ್ ನೋಡಲು ಹೊರಟಿದ್ದ ಒಬ್ಬ ತರುಣನಿಗೆ ಸಿಕ್ಕಿತು. ಅವನು ಆಗಲೇ ಗೆದ್ದವನಂತೆ ನಕ್ಕ. ಉಳಿದವರಿಗೆ ತಿಂಡಿಯ ಚೀಟಿ ಕೊಟ್ಟರು. ಹಕ್ಕಿನ ಪ್ರಕಾರ ಹೊನ್ನಯ್ಯನಿಗೆ ಎರಡು ಇಡ್ಲಿ ಬಂದವು. ಅವು ತಟ್ಟೆಯಲ್ಲೇ ಆರಿದವು. ಹತ್ತಕ್ಕೆಲ್ಲ ಮಂಜು ಕರಗಿ, ಏನೂ ಅರಿಯದ ಹಾಗೆ ಬಿಸಿಲು ಬಿತ್ತು.

ಮೂರು ಗಂಟೆಯ ವಿಮಾನದಲ್ಲಿ ಹೋಗಿ ಅವನು ಆಸ್ಪತ್ರೆ ಮುಟ್ಟಿದಾಗ ಸಂಜೆ ಐದೂವರೆ ದಾಟಿತ್ತು. ಮಾದಯ್ಯನ ಮಂಚದ ಮೇಲೆ ಬೇರೊಬ್ಬ ಮಲಗಿದ್ದ. ವಾರ್ಡಿನ ಹೊರಗಿನ ಬೆಂಚಿನಿಂದ ಕೆಂಪಸಿದ್ದಯ್ಯ ಎದ್ದು ಬಂದ, ಕೈ ಹಿಡಿದು ಕೂರಿಸಿದ.

“ನನ್ ತಂತಿ ಬಂತಾ?” ಎಂದ ಹೊನ್ನಯ್ಯ.

“ಯಾವ್ ತಂತಿ?”

ಕೆಂಪಸಿದ್ದಯ್ಯ ಪಕ್ಕದಲ್ಲೇ ಕೂತ. “ಒಂದೂವರೆಗೆ ಕಣ್ಬುಟ್ಟ. ನಮ್ಮಣ್ಣ ಬಂದ್ನಾ ಅಂದ. ಬಂದವ್ನೆ ಕಣ್ಲಾ, ಕೆಳಗೆ ಚಪ್ಲಿ ಬುಡ್ತಾವ್ನೆ ಅಂದೆ. ಬಾಗಿಲ ಕಡೆಗೇ ನೋಡ್ಕಂಡಿದ್ದ. ಎಲ್ಡೂವರೆಗೆ ಓದ.”

“ಒಂದ್ ಗಂಟೆ ಚಪ್ಲಿ ಬುಡ್ತಿದ್ನಾ ನಾನು?”

“ಇನ್ನೇನ್ ಏಳ್ಲಣ್ಣ.”

ಹತ್ತೂವರೆಯ ವಿಮಾನ ಹನ್ನೆರಡಕ್ಕೆ ಇಳಿದಿತ್ತು. ನಿಲ್ದಾಣದಿಂದ ಇಲ್ಲಿಗೆ ಒಂದು ಗಂಟೆಯ ದಾರಿ. ಬರುವಾಗ ಟ್ಯಾಕ್ಸಿಯಲ್ಲಿ ಹೊನ್ನಯ್ಯ ಆ ಲೆಕ್ಕವನ್ನು ಮಾಡಿಯೇ ಬಂದಿದ್ದ, ತಮ್ಮ ಬದುಕಿರುತ್ತಾನೆಂಬ ಧೈರ್ಯದಲ್ಲಿ.

“ಬೆಳಿಗ್ಗೆಯಿಂದ ಬ್ಯಾರೆ ಪ್ಲೇನೇ ಇರ್ನಿಲ್ವಾ ಅಣ್ಣ?” ಎಂದು ಕೆಂಪಸಿದ್ದಯ್ಯ ಕೇಳಿದ.

“ಮಂಜಿತ್ತು,” ಎಂದ ಹೊನ್ನಯ್ಯ.

ಅದಕ್ಕಿಂತ ಹೆಚ್ಚಿಗೆ ಅವನು ಹೊಳಲಿನಲ್ಲೂ ಹೇಳಲಿಲ್ಲ, ಚಿಕ್ಕಬೋರಮ್ಮನಿಗೂ ಹೇಳಲಿಲ್ಲ.