ಹೆಸರಳಿಸಿದ ಫೈಲು ಓಗೊಟ್ಟಿದ್ದು

ದೆವ್ವ, ಶಕುನ ಅಂದರೆ ನಗುವವನು ನಾನು. ಹಂಪಿಯ ಪಾಳುಗುಡಿಗಳಲ್ಲಿ ಒಬ್ಬನೇ ಅಲೆದು ಬೆಳೆದವನಿಗೆ ಅವೆಲ್ಲ ಎಲ್ಲಿಯ ಮಾತು? ಅದರಲ್ಲೂ ಕಂಪ್ಯೂಟರಿನ ವಿಷಯದಲ್ಲಿ ಬೇರೆ ಯಾರಾದರೂ ಇಂಥ ಕಥೆ ಹೇಳಿದ್ದರೆ, ಎಲ್ಲೋ ಎಡವಿದ್ದೀಯ, ಹೋಗಪ್ಪ ಎನ್ನುತ್ತಿದ್ದೆ. ನೀವೂ ಹಾಗೇ ಅಂದರೆ ನನಗೆ ಬೇಸರವಿಲ್ಲ.

ಸಂಡೂರು ಸೀಮೆಯ ಅದಿರು ಹೊತ್ತು ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ. ಪಾಪಿನಾಯಕನಹಳ್ಳಿ ಹತ್ತಿರ ಲಾರಿ ತೂಗುವ ಕಾಟಾ ಒಂದಕ್ಕೆ ಹೊಸ ಕಂಪ್ಯೂಟರ್ ಬಂದಿತ್ತು. ಅದಕ್ಕೆ ತೂಕದ ಪ್ರೋಗ್ರಾಂ ಕಟ್ಟಿಕೊಡುವುದು ನನ್ನ ಕೆಲಸ. ಕಾಟಾದಿಂದ ತೂಕ ಓದುವ ಲೈಬ್ರರಿ ಫೈಲನ್ನು ಬರೆದವರು ತೀರಿಕೊಂಡಿದ್ದರು. ಅವರ ಹೆಂಡತಿ ಶರಣಮ್ಮ ಅಲ್ಲೇ ಆಪರೇಟರ್. ಸಂಜೆಯೊಳಗೆ ಪ್ರೋಗ್ರಾಂ ನಡೆಯದಿದ್ದರೆ ಕಾಟಾವನ್ನು ಬೇರೆಯವರಿಗೆ ಒಪ್ಪಿಸುತ್ತೇನೆ, ಅವರು ತಮ್ಮ ಜನರನ್ನೇ ತಂದುಕೊಳ್ಳುತ್ತಾರೆ ಎಂದು ಕಾಟಾದ ಧಣಿ ಹೇಳಿಬಿಟ್ಟಿದ್ದರು. ಅಂದರೆ ಶರಣಮ್ಮನ ಕೆಲಸ ಹೋದಂತೆ.

ತೊಡಕು ಇಷ್ಟು. ಇಂಥ ಫೈಲಿನೊಳಗಿನ ಒಂದೊಂದು ಕೆಲಸಕ್ಕೂ ಒಂದು ಹೆಸರಿರುತ್ತದೆ. ನನ್ನ ಪ್ರೋಗ್ರಾಂ ಆ ಹೆಸರು ಹಿಡಿದು ಕರೆದರೆ ಅದು ಓಗೊಡುತ್ತದೆ. ಅದನ್ನು ಬರೆದ ಪುಣ್ಯಾತ್ಮರು ಹೆಸರುಗಳನ್ನೆಲ್ಲ ಅಳಿಸಿಬಿಟ್ಟಿದ್ದರು. ಉಳಿದ ಅಂಕಿಗಳ ರಾಶಿಯನ್ನು ಬಿಡಿಸಿ ಓದಲು ವಾರಗಟ್ಟಲೆ ಬೇಕು. ಒಂದಾದರೂ ಉಳಿದಿರಬಹುದೆಂದು ಹೊಳೆದ ಹೆಸರುಗಳನ್ನೆಲ್ಲ ಹಾಕಿ ನೋಡಿದೆ. ನನ್ನ ಪ್ರೋಗ್ರಾಮನ್ನೂ ಆ ಫೈಲನ್ನೂ ಬೆಸೆಯಬೇಕಾದ ಲಿಂಕರ್ ಪ್ರತಿ ಸಲವೂ 'ಈ ಹೆಸರಿನದು ಇಲ್ಲ' ಎಂದಿತು. ಹೊರಗೆ ಲಾರಿಗಳ ಸಾಲು ಬೆಳೆಯುತ್ತಿತ್ತು.

"ಅಕ್ಕಾರ, ಅವ್ರು ಏನರ ಹೆಸರು ಹೇಳಿದ್ರೇನ್ರಿ?" ಎಂದು ಕೇಳಿದೆ.

"ಅದೆಲ್ಲ ನಂಗ ತಿಳಿಯಂಗಿಲ್ರಿ ಸರ. ಹೊಟ್ಯಾಗ ಹೋದ ನಮ್ಮ ಕೂಸಿಗೆ ಒಂದ್ ಹೆಸರು ಇಟ್ಟಿದ್ರು. ಕಂಪ್ಯೂಟರ್ ಮುಂದ ಕುಂತಾಗ ಅದನ್ನ ಗುಣುಗುಣು ಅಂತಿದ್ರು. ನಮ್ಮಿಬ್ಬರನ್ನ ಬಿಟ್ರ ಯಾರಿಗೂ ಗೊತ್ತಿಲ್ಲ."

ತೊಟ್ಟಿಲಿಗೆ ಹಾಕಿದ ಕೂಸಿನ ಕಿವಿಯಲ್ಲಿ ಹೇಳುವಂತೆ, ಬಾಗಿ ಆ ಹೆಸರನ್ನು ಮೆಲ್ಲಗೆ ಹೇಳಿದರು. ಆಕೆಗೆ ನೋವಾಗಬಾರದೆಂದಷ್ಟೇ ಅದನ್ನು ಟೈಪ್ ಮಾಡಿದೆ. ಲಿಂಕರ್ ಚಕಾರ ಎತ್ತಲಿಲ್ಲ. ಕಾಟಾದ ಮೇಲೆ ನಿಂತಿದ್ದ ಲಾರಿಯ ತೂಕ ಪರದೆಗೆ ಬಂತು.

"ಅದ ಹೆಸರಿಗೆ ಬಂತೇನ್ರಿ?" ಶರಣಮ್ಮ ಕೇಳಿದರು. ಹೌದೆಂದೆ. ಸೆರಗಿನಿಂದ ಪರದೆಯ ಕೆಂಪು ಧೂಳು ಒರೆಸಿ, ಬಹಳ ಹೊತ್ತು ಕೈಯನ್ನು ಅಲ್ಲೇ ಇಟ್ಟುಕೊಂಡರು. ಆಮೇಲೆ ಮುಂದಿನ ಲಾರಿಯನ್ನು ಕರೆದರು.

ಆ ಫೈಲನ್ನು ಹೊಸಪೇಟೆಯ ನನ್ನ ಮನೆಗೆ ತಂದು ಜಾಲಾಡಿದೆ. ಆ ಹೆಸರು ಅದರಲ್ಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಅದೇ ಹೆಸರಿನಿಂದ ಕರೆದರೆ 'ಇಲ್ಲ' ಎಂದೇ ಉತ್ತರ. ಕಾಟಾದಲ್ಲಿ ಮಾತ್ರ, ಶರಣಮ್ಮ ಕೆಲಸದಲ್ಲಿ ಇರುವ ತನಕ ಅದು ಓಗೊಡುವುದು ಒಂದು ದಿನವೂ ತಪ್ಪಲಿಲ್ಲ. ಎರಡೂ ಕಡೆ ಫೈಲು ಅದೇ, ಹೆಸರೂ ಅದೇ. ಅಲ್ಲಿ ತಾಯಿ ಇದ್ದಳು, ಇಲ್ಲಿ ಇರಲಿಲ್ಲ. ಇಷ್ಟು ವರ್ಷವಾದರೂ ನನಗೆ ಸಿಕ್ಕ ವ್ಯತ್ಯಾಸ ಅದೊಂದೇ.